ತ್ರುಟಿತವಾದ ಕಡತಗಳ ಪುನರುದ್ಧಾರ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡ ಪಂಡಿತನಾದವನು ಕಾವ್ಯವನ್ನು ಕುರಿತೋ ಛಂದಸ್ಸನ್ನು ಕುರಿತೋ ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ಈ ಸಲ ಕಾರ್ಯಕಾರೀ ಸಮಿತಿಯವರು ಆ ವಾಡಿಕೆಯನ್ನು ಬದಿಗಿರಿಸಿ, ಲಿನಕ್ಸ್ ಸರ್ವರಿನಲ್ಲಿರುವ ದತ್ತಕೋಶದ ಕಡತಗಳು ಕೆಟ್ಟಾಗ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂದು ಅಪ್ಪಣೆ ಮಾಡಿದ್ದಾರೆ. ಅಪ್ಪಣೆಯ ಕಾರಣವನ್ನು ತಾವು ಬಲ್ಲಿರಿ. ಈ ಕಾಸರಗೋಡಿನ ನೆಲದಲ್ಲಿ ಬಳಕೆಯಲ್ಲಿರುವ ಕನ್ನಡ ಪದಗಳನ್ನು ಊರೂರುಗಳಿಂದ ಕೂಡಿಸಿ ಸಂಘದ ಕಛೇರಿಯ ಗಣಕಯಂತ್ರದಲ್ಲಿ ದಾಖಲು ಮಾಡುತ್ತ ಬಂದಿದ್ದೇವೆ. ಸುರಂಗ ತೋಡುವವರ ಮಾತು, ಅಡಕೆ ತೋಟದವರ ಮಾತು, ಯಕ್ಷಗಾನದ ಚೌಕಿಯ ಮಾತು, ಅಡಿಗೆಮನೆಯ ಮಾತು, ಹೀಗೆ ಅಚ್ಚಿನ ನಿಘಂಟುಗಳಿಗೆ ಸೇರದೆ ಉಳಿದ ಎಷ್ಟೋ ನುಡಿಗಳು ಅಲ್ಲಿವೆ. ಅವುಗಳನ್ನು ಹೇಳಿದ ಹಿರಿಯರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ಮತ್ತೊಮ್ಮೆ ಹೋಗಿ ಕೇಳುವೆವೆಂದರೆ ಕೇಳುವುದಕ್ಕೆ ಮನೆಯಿದೆ, ಹೇಳುವವರಿಲ್ಲ. ಕಳೆದ ಮಳೆಗಾಲದಲ್ಲಿ ಆ ಸಂಗ್ರಹವೇ ಕೈಬಿಟ್ಟು ಹೋಗುವ ಹಾಗಿತ್ತು.

ಪಂಡಿತನಿಗೂ ಗಣಕಯಂತ್ರಕ್ಕೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಿದರೆ ಎರಡು ಉತ್ತರಗಳಿವೆ. ಮೊದಲನೆಯದು, ಕೇರಳದ ಶಾಲೆಗಳಲ್ಲಿ ದುಡಿಯುವ ನಮಗೆ ಲಿನಕ್ಸ್ ಹೊಸತಲ್ಲ. ೨೦೦೧ರಲ್ಲಿ ಮೊದಲಾದ ‘ಐಟಿ ಅಟ್ ಸ್ಕೂಲ್’ ಯೋಜನೆಯೂ, ೨೦೧೭ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ‘ಕೈಟ್’ ಸಂಸ್ಥೆಯೂ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಬಳಕೆಗೆ ತಂದುದರಿಂದ, ಕನ್ನಡ ಮಾಧ್ಯಮದ ನಮ್ಮ ಮಕ್ಕಳೂ ಮೊದಲು ಮುಟ್ಟಿದ್ದು ಲಿನಕ್ಸಿನ ಯಂತ್ರವನ್ನೇ. ಎರಡನೆಯ ಉತ್ತರ ಹಳೆಯದು. ಗ್ರಂಥಸಂಪಾದನೆಯನ್ನು ಅಭ್ಯಾಸಮಾಡಿದವನಿಗೆ ಹುಳು ತಿಂದ ಓಲೆಯ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬ ಶಿಸ್ತು ಗೊತ್ತು. ಮಾತೃಕೆಯ ಮೇಲೆ ಕಂಠವನ್ನು ಊರಬಾರದು. ಮೊದಲು ಪ್ರತಿಯನ್ನು ತೆಗೆಯಬೇಕು. ಇದ್ದುದನ್ನು ಇದ್ದಂತೆ ಓದಬೇಕು. ತಿದ್ದುವುದಿದ್ದರೆ ಪ್ರತಿಯಲ್ಲಿ ತಿದ್ದಿ, ತಿದ್ದಿದ್ದನ್ನು ಗುರುತಿಸಿಡಬೇಕು. ಅಳಿದ ಅಕ್ಷರವನ್ನು ಊಹೆಯಿಂದ ತುಂಬಿ ಮೂಲವೆಂದು ಸಾರಬಾರದು. ಕೆಟ್ಟ ಡಿಸ್ಕಿನ ಮುಂದೆ ಕುಳಿತವನಿಗೆ ಬೇಕಾದ ಶಿಸ್ತೂ ಇದೇ. ನನ್ನ ಮಾತಿನ ಸಾರವೆಲ್ಲ ಇಷ್ಟರಲ್ಲಿಯೇ ಇದೆ. ಇನ್ನು ಹೇಳುವುದೆಲ್ಲ ಇದರ ವಿವರಣೆ.

ಕಡತವ್ಯವಸ್ಥೆ, ಎಂದರೆ ಫೈಲ್ ಸಿಸ್ಟಮ್, ಎಂಬುದು ಏನೆಂದು ಮೊದಲು ನೋಡೋಣ. ಡಿಸ್ಕೆಂಬುದು ಸಂಖ್ಯೆ ಹಾಕಿದ ಮನೆಗಳ ಒಂದು ಉದ್ದನೆಯ ಸಾಲು. ೨೦೦೮ರಿಂದ ಲಿನಕ್ಸಿನಲ್ಲಿ ನೆಲೆಗೊಂಡಿರುವ ಎಕ್ಸ್ಟ್-೪ ಎಂಬ ವ್ಯವಸ್ಥೆಯಲ್ಲಿ ಒಂದೊಂದು ಮನೆಯ ಅಳತೆ ಸಾಮಾನ್ಯವಾಗಿ ೪೦೯೬ ಬೈಟುಗಳು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-೮ ಎಂಬ ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ ೩ ಬೈಟುಗಳನ್ನು ಹಿಡಿಯುತ್ತದೆ. ‘ಕ್ಷ’ ಎಂಬ ಸಂಯುಕ್ತಾಕ್ಷರವು ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಕೂಟವಾದ್ದರಿಂದ ಅದಕ್ಕೆ ೯ ಬೈಟುಗಳು ಬೇಕು. ಹೀಗೆ ಒಂದು ದೊಡ್ಡ ಕಡತವು ಸಾವಿರಾರು ಮನೆಗಳಲ್ಲಿ ಹಂಚಿಹೋಗಿರುತ್ತದೆ. ಯಾವ ಕಡತದ ಯಾವ ಭಾಗ ಯಾವ ಮನೆಯಲ್ಲಿದೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವ ಕ್ರಮವೇ ಕಡತವ್ಯವಸ್ಥೆ. ಓಲೆಗಳು ಎಷ್ಟೇ ಚೆನ್ನಾಗಿರಲಿ, ಕಟ್ಟಿನ ದಾರ ಹರಿದು ಗರಿಯ ಅಂಕೆಗಳು ಮಾಸಿದರೆ ಗ್ರಂಥವು ಗ್ರಂಥವಾಗಿ ಉಳಿಯದಷ್ಟೆ.

ಆ ಲೆಕ್ಕದಲ್ಲಿ ಮೂರು ಅಂಗಗಳನ್ನು ನೆನಪಿಟ್ಟರೆ ಸಾಕು. ಪ್ರತಿಯೊಂದು ಕಡತಕ್ಕೂ ‘ಐನೋಡ್’ ಎಂಬ ಒಂದು ಜಾತಕವಿದೆ. ಕಡತದ ಗಾತ್ರ, ಒಡೆಯ, ಬರೆದ ವೇಳೆ, ಅದಕ್ಕೆ ಸೇರಿದ ಮನೆಗಳು, ಎಲ್ಲವೂ ಅದರಲ್ಲಿದೆ. ಕಡತದ ಹೆಸರು ಮಾತ್ರ ಅದರಲ್ಲಿಲ್ಲ. ಹೆಸರು ಇರುವುದು ‘ಡೈರೆಕ್ಟರಿ’ ಎಂಬ ಅನುಕ್ರಮಣಿಕೆಯಲ್ಲಿ. ಅಲ್ಲಿ ಹೆಸರಿನ ಎದುರಿಗೆ ಜಾತಕದ ಸಂಖ್ಯೆಯನ್ನು ಬರೆದಿರುತ್ತದೆ. ಮೂರನೆಯದು ‘ಸೂಪರ್‌ಬ್ಲಾಕ್’. ಇದು ಇಡೀ ವ್ಯವಸ್ಥೆಯ ಮುಖಪತ್ರ. ಮನೆಗಳೆಷ್ಟು, ಅವುಗಳ ಅಳತೆಯೆಷ್ಟು ಎಂಬುದನ್ನು ಇದೇ ಹೇಳಬೇಕು. ಇದೊಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ ಆಗುವುದರಿಂದ ನಿರ್ಮಾಪಕರು ಇದರ ಪ್ರತಿಗಳನ್ನು ಡಿಸ್ಕಿನ ಹಲವೆಡೆಗಳಲ್ಲಿ ಇರಿಸಿದ್ದಾರೆ. ೪೦೯೬ ಬೈಟುಗಳ ಮನೆಗಳಿರುವ ಎಕ್ಸ್ಟ್-೪ ವ್ಯವಸ್ಥೆಯಲ್ಲಿ ಮೊದಲನೆಯ ಪ್ರತಿ ಸಾಮಾನ್ಯವಾಗಿ ೩೨೭೬೮ನೆಯ ಮನೆಯಲ್ಲಿ ದೊರೆಯುತ್ತದೆ. ಪ್ರತಿಯನ್ನು ಬೇರೆಬೇರೆ ಕಡೆ ಇರಿಸಬೇಕೆಂಬ ವಿವೇಕವು ಯಂತ್ರದ ಹೊಟ್ಟೆಯೊಳಗೇ ಇದೆ ಎಂಬುದನ್ನು ತಾವು ಗಮನಿಸಬೇಕು.

ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಗತಿಯೇನು? ಜಾತಕವನ್ನು ತಿದ್ದಿಯಾಗಿದೆ, ಅನುಕ್ರಮಣಿಕೆಯನ್ನು ತಿದ್ದಿಲ್ಲ ಎಂಬಲ್ಲಿಗೆ ಯಂತ್ರ ನಿಂತರೆ ಲೆಕ್ಕ ತಾಳೆಯಾಗದು. ಈ ತೊಂದರೆಗೆ ಪರಿಹಾರವಾಗಿ ‘ಜರ್ನಲ್’ ಎಂಬ ದಿನವಹಿ ಬಂತು. ಸ್ಟೀಫನ್ ಟ್ವೀಡಿ ಎಂಬವರು ರೂಪಿಸಿದ ಎಕ್ಸ್ಟ್-೩ ವ್ಯವಸ್ಥೆಯೊಡನೆ ೨೦೦೧ರಲ್ಲಿ ಇದು ಲಿನಕ್ಸಿನ ಮೂಲದೊಳಕ್ಕೆ ಸೇರಿತು. ವರ್ತಕನು ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಯಂತ್ರವೂ ಮಾಡಲಿರುವ ಬದಲಾವಣೆಯನ್ನು ಮೊದಲು ದಿನವಹಿಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ದೀಪ ಆರಿದರೆ, ಮರಳಿ ಎಚ್ಚತ್ತಾಗ ದಿನವಹಿಯನ್ನು ಓದಿ ಖಾತೆಯನ್ನು ಸರಿಪಡಿಸಿಕೊಳ್ಳುತ್ತದೆ. ನಮ್ಮ ಪದಗಳನ್ನು ಇಟ್ಟಿರುವ ‘ಪೋಸ್ಟ್‌ಗ್ರೆಸ್’ ಎಂಬ ದತ್ತಕೋಶವೂ ಹೀಗೆಯೇ ತನ್ನದೊಂದು ಬೇರೆ ದಿನವಹಿಯನ್ನು ಇಟ್ಟುಕೊಂಡಿದೆ. ಆದುದರಿಂದ ಒಂದೇ ಯಂತ್ರದಲ್ಲಿ ಇಬ್ಬರು ಗುಮಾಸ್ತರಿದ್ದಾರೆಂದು ತಿಳಿಯಿರಿ: ಒಬ್ಬನು ಮನೆಗಳ ಲೆಕ್ಕ ಬರೆಯುವವನು, ಮತ್ತೊಬ್ಬನು ಪದಗಳ ಲೆಕ್ಕ ಬರೆಯುವವನು. ಒಬ್ಬನ ಲೆಕ್ಕ ಸರಿಯಾಯಿತೆಂದ ಮಾತ್ರಕ್ಕೆ ಮತ್ತೊಬ್ಬನದು ಸರಿಯಾಯಿತೆಂದು ತಿಳಿಯಲಾಗದು. ಅಲ್ಲದೆ ಡಿಸ್ಕಿನ ಮೈಯೇ ಸವೆದುಹೋದಾಗ ಯಾವ ದಿನವಹಿಯೂ ಕಾಯಲಾರದು.

ನಮ್ಮಲ್ಲಿ ನಡೆದುದು ಈ ಕೊನೆಯ ಬಗೆಯದು. ಮಿಂಚು ಗುಡುಗುಗಳ ಕಾಲದಲ್ಲಿ ವಿದ್ಯುತ್ತು ಹೋಗಿ ಬಂದು ಮಾಡುವುದು ನಮ್ಮೂರಿಗೆ ಹೊಸತಲ್ಲ. ಅಂಥ ಒಂದು ವಾರದ ಕೊನೆಯಲ್ಲಿ ಕಛೇರಿಯಲ್ಲಿ ಪದಗಳನ್ನು ಬೆರಳಚ್ಚಿಸುತ್ತಿದ್ದ ಸದಸ್ಯೆಯೊಬ್ಬರಿಗೆ ಹೊಸ ಪದಗಳು ಸೇರುತ್ತಿಲ್ಲವೆಂದು ತಿಳಿದುಬಂತು. ಸ್ವಲ್ಪ ಹೊತ್ತಿನಲ್ಲಿ ಹಳೆಯ ಪದಗಳೂ ತೆರೆಯ ಮೇಲೆ ಕಾಣದಾದವು. ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ಒಕ್ಕಣೆಯೊಂದು ಮೂಡಿತು. ಓದಬಹುದು, ಬರೆಯಲಾಗದು ಎಂದು ಇದರ ತಾತ್ಪರ್ಯ. ಇದನ್ನು ಕಂಡು ಹಲವರು ಯಂತ್ರವು ಕೆಟ್ಟಿತೆಂದು ಬೈದರು. ನಿಜವಾಗಿ ಅದು ಯಂತ್ರವು ತೋರಿದ ಜಾಣ್ಮೆ. ದೋಷ ಕಂಡಾಗ ಮುಂದುವರಿಯಬೇಕೆ, ಓದಿಗೆ ಮಾತ್ರ ತೆರೆದಿರಬೇಕೆ, ಪೂರ್ತಿ ನಿಂತುಬಿಡಬೇಕೆ ಎಂಬ ಮೂರು ದಾರಿಗಳಲ್ಲಿ ಒಂದನ್ನು ಎಕ್ಸ್ಟ್-೪ ವ್ಯವಸ್ಥೆಗೆ ಮುಂಚಿತವಾಗಿಯೇ ವಿಧಿಸಬಹುದು. ನಮ್ಮ ಯಂತ್ರಕ್ಕೆ ನಡುವಣ ದಾರಿಯನ್ನು ವಿಧಿಸಲಾಗಿತ್ತು. ಲೆಕ್ಕ ತಪ್ಪಿದೆಯೆಂದು ತಿಳಿದೊಡನೆ ಲೇಖನಿಯನ್ನು ಕೆಳಗಿಟ್ಟ ಗುಮಾಸ್ತನನ್ನು ಬೈಯುವುದು ನ್ಯಾಯವಲ್ಲ.

ಆಗ ಎರಡು ಸಲಹೆಗಳು ಬಂದವು. ಹೊರಗಿನಿಂದ ಬಂದ ತಂತ್ರಜ್ಞರೊಬ್ಬರು, ಯಂತ್ರವನ್ನು ನಿಲ್ಲಿಸಿ ಮತ್ತೆ ಹಚ್ಚಿ ‘ಎಫ್-ಎಸ್-ಸಿ-ಕೆ’ ಎಂಬ ದುರಸ್ತಿಯ ಆಜ್ಞೆಯನ್ನು ಕೊಟ್ಟು, ಅದು ಕೇಳುವ ಪ್ರಶ್ನೆಗಳಿಗೆಲ್ಲ ‘ಹೌದು’ ಎಂದುಬಿಟ್ಟರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುವುದೆಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಇಂಥ ಯಂತ್ರಗಳ ಪಾಲನೆಯೇ ಅವನ ಉದ್ಯೋಗ, ದೂರವಾಣಿಯಲ್ಲಿ ವಿಷಯವನ್ನು ಕೇಳಿ, ತಾನು ಬರುವವರೆಗೆ ಯಾರೂ ಯಂತ್ರವನ್ನು ಮುಟ್ಟಬಾರದೆಂದು ಕೈಮುಗಿದು ಬೇಡಿಕೊಂಡನು. ಸಮಿತಿಯಲ್ಲಿ ಚರ್ಚೆಯಾಯಿತು. ಅರ್ಧ ಗಂಟೆಯ ಉಳಿತಾಯಕ್ಕೆ ಆಸೆಪಟ್ಟವರು ಇಲ್ಲದಿರಲಿಲ್ಲ. ಕೊನೆಗೆ ಹುಡುಗನ ಮಾತು ನಿಂತಿತು. ಅವನು ಬಂದು ಮಾಡಿದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಇಂಥ ಆಪತ್ತು ಬೇರೆ ಯಾವ ಸಂಘಕ್ಕೆ ಬಂದರೂ ಇದೇ ಕ್ರಮ ಸಲ್ಲುತ್ತದೆ.

ಮೊದಲನೆಯದಾಗಿ ಅವನು ಸಾಕ್ಷ್ಯವನ್ನು ಕಾಪಾಡಿದನು. ‘ಡಿ-ಎಂ-ಇ-ಎಸ್-ಜಿ’ ಎಂಬ ಆಜ್ಞೆಯನ್ನು ಕೊಟ್ಟರೆ ಲಿನಕ್ಸಿನ ಒಳತಿರುಳು ತಾನು ಕಂಡ ದೋಷಗಳನ್ನು ವೇಳೆಯ ಸಹಿತ ಹೇಳುತ್ತದೆ. ಈ ಹೇಳಿಕೆ ಇರುವುದು ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ. ಸಾಧಾರಣವಾಗಿ ಅದರ ನಕಲು ಡಿಸ್ಕಿಗೂ ಇಳಿಯುತ್ತದೆ. ಆದರೆ ಡಿಸ್ಕೇ ಬರೆಯಲಾಗದ ಸ್ಥಿತಿಯಲ್ಲಿರುವಾಗ ಇಳಿಯುವುದೆಲ್ಲಿಗೆ? ಆಗ ಯಂತ್ರವನ್ನು ಒಮ್ಮೆ ನಿಲ್ಲಿಸಿ ಹಚ್ಚಿದರೆ ಆ ಹೇಳಿಕೆ ಹೇಳಹೆಸರಿಲ್ಲದೆ ಹೋಗುತ್ತದೆ. ಆದುದರಿಂದ ಅವನು ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡ ಮೇಲೆಯೇ ಬೇರೆ ಕೆಲಸಕ್ಕೆ ಕೈಹಾಕಿದನು.

ಎರಡನೆಯದಾಗಿ ರೋಗವನ್ನು ಗುರುತಿಸಿದನು. ಬರೆಯಲಾಗದು ಎಂಬ ಲಕ್ಷಣ ಒಂದೇ ಆದರೂ ಮೂಲಗಳು ಹಲವು. ‘ನೋ ಸ್ಪೇಸ್ ಲೆಫ್ಟ್’ ಎಂಬ ಒಕ್ಕಣೆ ಬಂದರೆ ಜಾಗ ಮುಗಿದಿದೆಯೆಂದು ಅರ್ಥ. ಅದರಲ್ಲಿಯೂ ಎರಡು ಬಗೆಯಿದೆ. ಮನೆಗಳು ಖಾಲಿಯಿದ್ದರೂ ಜಾತಕಗಳು ಮುಗಿದಿರಬಹುದು. ‘ಡಿ-ಎಫ್’ ಎಂಬ ಆಜ್ಞೆ ಮೊದಲನೆಯದನ್ನು ತೋರಿಸುತ್ತದೆ. ಅದಕ್ಕೆ ‘ಐ’ ಎಂಬ ಅಕ್ಷರವನ್ನು ಕೂಡಿಸಿದರೆ ಎರಡನೆಯದನ್ನು ತೋರಿಸುತ್ತದೆ. ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’ ಎಂದರೆ ಲೆಕ್ಕದ ರಚನೆ ಕೆಟ್ಟಿದೆ. ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂದರೆ ಸಾಮಾನ್ಯವಾಗಿ ಯಂತ್ರಭಾಗದ ಕಡೆಗೆ ಬೊಟ್ಟು. ಆಗ ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡಿರುವ ಪಟ್ಟಿಯನ್ನು ನೋಡಬೇಕು. ಅದರಲ್ಲಿ ೫ನೆಯ ಸಂಖ್ಯೆಯ ಸಾಲು ಕೆಟ್ಟು ಬದಲಾಯಿಸಲ್ಪಟ್ಟ ಜಾಗಗಳನ್ನೂ, ೧೯೭ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳನ್ನೂ ಹೇಳುತ್ತವೆ. ೧೯೯ನೆಯದು ಮಾತ್ರ ಏರುತ್ತಿದ್ದರೆ ಡಿಸ್ಕಿನ ತಪ್ಪಿಲ್ಲದೆ ಜೋಡಣೆಯ ತಂತಿ ಸಡಿಲವಾಗಿರುವ ಸಂಭವವುಂಟು. ನಮ್ಮ ಡಿಸ್ಕಿನಲ್ಲಿ ೧೯೭ನೆಯ ಸಾಲು ಏರುತ್ತಿತ್ತು. ಮೈ ಸವೆಯುತ್ತಿದ್ದ ಆ ಡಿಸ್ಕನ್ನು ಇನ್ನೂ ದುಡಿಸುವುದು ಜ್ವರದವನ ತಲೆಯ ಮೇಲೆ ಹೊರೆ ಹೊರಿಸಿದಂತೆ.

ಮೂರನೆಯದಾಗಿ ಪ್ರತಿಯನ್ನು ತೆಗೆದನು. ಯಂತ್ರವನ್ನು ನಿಲ್ಲಿಸಿ, ಡಿಸ್ಕನ್ನು ಕಳಚಿ ಬೇರೊಂದು ಗಣಕಕ್ಕೆ ಜೋಡಿಸಿ, ‘ಡಿಡಿ-ರೆಸ್ಕ್ಯೂ’ ಎಂಬ ಸಾಧನದಿಂದ ಹೊಸ ಡಿಸ್ಕೊಂದಕ್ಕೆ ಮನೆಮನೆಯಾಗಿ ನಕಲು ಮಾಡಿದನು. ಈ ಸಾಧನದ ಗುಣವನ್ನು ಹೇಳಲೇಬೇಕು. ಇದು ಓದಲು ಬಾರದ ಜಾಗದಲ್ಲಿ ತಲೆ ಚಚ್ಚಿಕೊಂಡು ನಿಲ್ಲುವುದಿಲ್ಲ. ಸುಲಭವಾಗಿ ಓದಬಲ್ಲುದನ್ನೆಲ್ಲ ಮೊದಲು ಓದಿ ಮುಗಿಸಿ, ಕಷ್ಟದ ಜಾಗಗಳಿಗೆ ಆಮೇಲೆ ಮರಳಿ ಬರುತ್ತದೆ. ಯಾವುದು ದೊರೆಯಿತು, ಯಾವುದು ದೊರೆಯಲಿಲ್ಲ ಎಂಬುದನ್ನು ಒಂದು ನಕ್ಷೆಯಲ್ಲಿ ಬರೆದಿಡುತ್ತದೆ. ಪುಡಿಯಾಗುತ್ತಿರುವ ಓಲೆಯನ್ನು ಬಿಚ್ಚುವ ಸಂಪಾದಕನು ಮಾಡುವುದೂ ಇದನ್ನೇ. ಒಂದು ರಾತ್ರಿ, ಒಂದು ಹಗಲು ಈ ಕೆಲಸ ನಡೆಯಿತು. ಕೆಲವೇ ಜಾಗಗಳು ಕೊನೆಗೂ ಓದಲು ಸಿಕ್ಕಲಿಲ್ಲ. ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಆಮೇಲೆ ನಡೆದುದೆಲ್ಲ ನಕಲಿನ ನಕಲಿನ ಮೇಲೆ.

ನಾಲ್ಕನೆಯದಾಗಿ ಎಫ್-ಎಸ್-ಸಿ-ಕೆಯ ಸರದಿ. ಮೊದಲು ಅದನ್ನು ‘ಎನ್’ ಎಂಬ ಅಕ್ಷರ ಸೇರಿಸಿ ನಡೆಸಬೇಕು. ಆಗ ಅದು ಏನನ್ನೂ ತಿದ್ದದೆ ದೋಷಗಳ ಪಟ್ಟಿಯನ್ನು ಮಾತ್ರ ಕೊಡುತ್ತದೆ. ಆ ಪಟ್ಟಿಯನ್ನು ಓದಿ, ಕಾಗದಕ್ಕಿಳಿಸಿ, ಆಮೇಲೆ ತಿದ್ದುವ ಅಪ್ಪಣೆಯನ್ನು ಕೊಡಬೇಕು. ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಇದನ್ನು ಎಂದಿಗೂ ನಡೆಸಕೂಡದು. ಏಕೆಂದರೆ ಯಂತ್ರದ ಒಳತಿರುಳು ಅದೇ ಲೆಕ್ಕವನ್ನು ತನ್ನ ಸ್ಮೃತಿಯಲ್ಲಿ ಹಿಡಿದು ಬರೆಯುತ್ತಿರುತ್ತದೆ. ಒಂದೇ ಓಲೆಯ ಮೇಲೆ ಇಬ್ಬರು ಲಿಪಿಕಾರರು ಒಬ್ಬರನ್ನೊಬ್ಬರು ಅರಿಯದೆ ಬರೆದರೆ ಏನಾಗುವುದೋ ಅದೇ ಆಗುತ್ತದೆ. ಹೆಸರು ಕಳೆದುಕೊಂಡ ಕಡತಗಳನ್ನು ಎಫ್-ಎಸ್-ಸಿ-ಕೆ ‘ಲಾಸ್ಟ್ ಅಂಡ್ ಫೌಂಡ್’ ಎಂಬ ಅನಾಥಾಲಯಕ್ಕೆ ಸೇರಿಸುತ್ತದೆ. ಜಾತಕದ ಸಂಖ್ಯೆಯೇ ಅಲ್ಲಿ ಅವುಗಳ ಹೆಸರು. ಪೋಸ್ಟ್‌ಗ್ರೆಸ್ ತನ್ನ ಕಡತಗಳಿಗೆ ಮೊದಲೇ ಬರಿಯ ಅಂಕೆಗಳ ಹೆಸರನ್ನಿಡುವುದರಿಂದ, ಅನಾಥಾಲಯಕ್ಕೆ ಹೋದ ಕಡತವನ್ನು ಗುರುತಿಸಿ ಮನೆಗೆ ಕರೆತರುವುದು ಸುಲಭದ ಕೆಲಸವಲ್ಲ. ದೈವದಿಂದ ನಮ್ಮ ಪದಗಳ ಕಡತಗಳು ಆ ಬಾಗಿಲನ್ನು ತುಳಿಯಲಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಎಫ್-ಎಸ್-ಸಿ-ಕೆ ‘ಶುದ್ಧ’ ಎಂದು ಸರ್ಟಿಫಿಕೇಟು ಕೊಟ್ಟಿತೆಂದರೆ ಮನೆಗಳ ಲೆಕ್ಕ ತಾಳೆಯಾಯಿತು ಎಂದಷ್ಟೇ ಅರ್ಥ. ಮನೆಯೊಳಗೆ ಏನಿದೆ ಎಂಬುದನ್ನು ಅದು ನೋಡುವುದೇ ಇಲ್ಲ. ಎಕ್ಸ್ಟ್-೪ ವ್ಯವಸ್ಥೆಯು ತನ್ನ ಲೆಕ್ಕದ ಪುಟಗಳಿಗೆ ತಾಳೆಸಂಖ್ಯೆಯನ್ನು ಹಾಕಬಲ್ಲುದೇ ಹೊರತು ನಮ್ಮ ಬರವಣಿಗೆಗೆ ಹಾಕುವುದಿಲ್ಲ. ಇದರ ಅಪಾಯವನ್ನು ಕನ್ನಡಿಗರಿಗೆ ತಿಳಿಸಲು ಕನ್ನಡದ ಉದಾಹರಣೆಯೇ ಇದೆ. ಯೂನಿಕೋಡಿನಲ್ಲಿ ಲಕಾರದ ಸಂಕೇತಕ್ಕೂ ಳಕಾರದ ಸಂಕೇತಕ್ಕೂ ಇರುವ ಅಂತರ ಕೊನೆಯ ಒಂದೇ ಒಂದು ಬಿಟ್ಟು, ಎಂದರೆ ಒಂದು ಸೊನ್ನೆ ಒಂದಾಗುವಷ್ಟು. ಆ ಒಂದು ಬಿಟ್ಟು ತಿರುಗಿಬಿದ್ದರೆ ‘ಹುಲಿ’ ‘ಹುಳಿ’ಯಾಗುತ್ತದೆ, ‘ಕಲೆ’ ‘ಕಳೆ’ಯಾಗುತ್ತದೆ, ‘ಬೆಲೆ’ ‘ಬೆಳೆ’ಯಾಗುತ್ತದೆ. ದಕಾರ ಧಕಾರಗಳ ನಡುವೆಯೂ ಅಂತರ ಅಷ್ಟೇ. ‘ದನ’ ‘ಧನ’ವಾದರೆ ಒಡೆಯನಿಗೆ ಸಂತೋಷವಾಗಬಹುದು, ನಿಘಂಟುಕಾರನಿಗೆ ಆಗದು. ಶಕಾರ ಷಕಾರಗಳೂ ಹಾಗೆಯೇ. ಇಂಥ ತಪ್ಪು ಕಣ್ಣಿಗೆ ತಪ್ಪಾಗಿ ಕಾಣುವುದೂ ಇಲ್ಲ. ಎರಡೂ ಸರಿಯಾದ ಕನ್ನಡ ಪದಗಳೇ ಆಗಿ ತೋರುತ್ತವೆ. ಹಸ್ತಪ್ರತಿಗಳಲ್ಲಿ ಲಿಪಿಕಾರನ ಕೈತಪ್ಪಿನಿಂದ ಹುಟ್ಟಿದ ಅಪಪಾಠಗಳಲ್ಲಿ ಅತ್ಯಂತ ಕಠಿನವಾದವು ಇಂಥವೇ. ಅರ್ಥ ಕೂಡುವ ತಪ್ಪನ್ನು ಹಿಡಿಯುವುದೇ ದುಸ್ತರ.

ಐದನೆಯದಾಗಿ, ಆದುದರಿಂದಲೇ, ದತ್ತಕೋಶವನ್ನು ಬೇರೆಯಾಗಿ ಪರೀಕ್ಷಿಸಬೇಕು. ಪೋಸ್ಟ್‌ಗ್ರೆಸ್ ತನ್ನ ಬರವಣಿಗೆಯನ್ನು ೮೧೯೨ ಬೈಟುಗಳ ಪುಟಗಳಾಗಿ ಇರಿಸುತ್ತದೆ. ಪ್ರತಿ ಪುಟಕ್ಕೂ ಒಂದು ತಾಳೆಸಂಖ್ಯೆಯನ್ನು ಹಾಕುವ ಏರ್ಪಾಡು ಅದರಲ್ಲಿದೆ. ಪುಟದಲ್ಲಿ ಒಂದು ಬಿಟ್ಟು ಬದಲಾದರೂ ಓದುವ ಹೊತ್ತಿಗೆ ಸಂಖ್ಯೆ ತಾಳೆಯಾಗದೆ ದೋಷ ಹೊರಬೀಳುತ್ತದೆ. ೨೦೨೫ರಲ್ಲಿ ಬಂದ ೧೮ನೆಯ ಆವೃತ್ತಿಯಿಂದೀಚೆಗೆ ಹೊಸ ಕೋಶಗಳಿಗೆ ಇದು ತಾನಾಗಿಯೇ ಒದಗುತ್ತದೆ; ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಕೋಶವನ್ನು ಸ್ಥಾಪಿಸುವವರು ಕೇಳಿ ಪಡೆಯಬೇಕಾಗಿತ್ತು. ನಮ್ಮ ಹುಡುಗನು ಕೇಳಿ ಪಡೆದಿದ್ದನು. ದತ್ತಕೋಶವು ತನ್ನ ದಿನವಹಿಯನ್ನು ಓದಿ ಎಚ್ಚತ್ತ ಮೇಲೆ, ಅವನು ಎಲ್ಲ ಪದಗಳನ್ನೂ ಒಂದು ಸಾದಾ ಕಡತಕ್ಕೆ ಹೊರತೆಗೆಯುವ ಆಜ್ಞೆಯನ್ನು ಕೊಟ್ಟನು. ಹೊರತೆಗೆಯಬೇಕಾದರೆ ಪ್ರತಿಯೊಂದು ಸಾಲನ್ನೂ ಓದಲೇಬೇಕಷ್ಟೆ; ಇದೇ ಮೊದಲ ಪರೀಕ್ಷೆ. ನಡುವೆ ಒಂದು ಪುಟದಲ್ಲಿ ಕೆಲಸ ನಿಂತಿತು. ಓದಲು ಸಿಕ್ಕದ ಜಾಗಗಳಲ್ಲಿ ಒಂದು ಆ ಪುಟದೊಳಗಿತ್ತು.

ಆ ಒಂದು ಪುಟವನ್ನು ಬಿಟ್ಟು ಉಳಿದುದನ್ನೆಲ್ಲ ಅವನು ಹೊರತೆಗೆದು ಹೊಸ ಯಂತ್ರದ ಹೊಸ ಕೋಶಕ್ಕೆ ತುಂಬಿದನು. ಅಕಾರಾದಿ ಸೂಚಿಗಳನ್ನು ಹೊಸದಾಗಿ ಕಟ್ಟಿಸಿದನು. ಸೂಚಿ ಕೆಟ್ಟರೆ ಚಿಂತೆಯಿಲ್ಲ. ಗ್ರಂಥದಿಂದ ಸೂಚಿಯನ್ನು ಮಾಡಬಹುದು, ಸೂಚಿಯಿಂದ ಗ್ರಂಥವನ್ನು ಮಾಡಲಾಗದು. ಕೆಟ್ಟ ಪುಟದಲ್ಲಿದ್ದ ಪದಗಳು ಕೆಲವು ಹತ್ತು. ಅವುಗಳಲ್ಲಿ ಹೆಚ್ಚಿನವು, ವಾರಕ್ಕೊಮ್ಮೆ ತೆಗೆದು ಸದಸ್ಯರೊಬ್ಬರ ಮನೆಯಲ್ಲಿ ಇರಿಸುತ್ತಿದ್ದ ಪ್ರತಿಯಲ್ಲಿ ದೊರೆತವು. ಆ ವಾರದಲ್ಲಿ ಹೊಸದಾಗಿ ಸೇರಿದ್ದವುಗಳಿಗೆ ಮಾತ್ರ ಪ್ರತಿಯಿರಲಿಲ್ಲ. ಕಾಗದದ ಚೀಟಿಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದ ಅವುಗಳಲ್ಲಿಯೂ ಬಹುಪಾಲು ಮರಳಿದವು. ಚೀಟಿಯಿಲ್ಲದೆ ನೇರವಾಗಿ ಯಂತ್ರಕ್ಕೆ ಸೇರಿಸಿದ್ದ ನಾಲ್ಕಾರು ಪದಗಳು ಹೋದವು. ಅವುಗಳನ್ನು ಹೇಳಿದ ಅಜ್ಜಿ ಆ ಮಳೆಗಾಲ ಮುಗಿಯುವುದಕ್ಕೆ ಮೊದಲೇ ತೀರಿಕೊಂಡರು. ಆ ಜಾಗಗಳನ್ನು ಊಹೆಯಿಂದ ತುಂಬದೆ, ‘ತ್ರುಟಿತ’ ಎಂದು ಬರೆದು ಹಾಗೆಯೇ ಬಿಟ್ಟಿದ್ದೇವೆ. ಉಳಿದ ಪದಗಳನ್ನು ನಾವು ನಾಲ್ವರು ಅಧ್ಯಾಪಕರು ಹಂಚಿಕೊಂಡು, ಇದ್ದಷ್ಟು ಚೀಟಿಗಳೊಡನೆ ಹೋಲಿಸಿ ಓದಿದೆವು. ಯಂತ್ರವು ಸಾಲುಗಳನ್ನು ಎಣಿಸಬಲ್ಲುದು. ಹುಲಿಯೋ ಹುಳಿಯೋ ಎಂಬುದನ್ನು ಬಲ್ಲವನು ಓದಿಯೇ ತಿಳಿಯಬೇಕು.

ಇಂಥ ಎಚ್ಚರ ನಮ್ಮಂಥ ಸಣ್ಣ ಸಂಘಗಳಿಗೆ ಮಾತ್ರ ಬೇಕಾದುದೆಂದು ತಿಳಿಯಬಾರದು. ೨೦೧೮ರಲ್ಲಿ ಪೋಸ್ಟ್‌ಗ್ರೆಸ್ಸನ್ನು ರೂಪಿಸುವವರ ಸಮುದಾಯದಲ್ಲಿಯೇ ಒಂದು ಸಂಗತಿ ಬೆಳಕಿಗೆ ಬಂದು ಗದ್ದಲವಾಯಿತು. ದತ್ತಕೋಶವು ತಾನು ಬರೆದುದು ಡಿಸ್ಕಿಗೆ ನಿಜವಾಗಿ ಸೇರಿತೆ ಎಂದು ಲಿನಕ್ಸನ್ನು ಕೇಳುವ ‘ಎಫ್-ಸಿಂಕ್’ ಎಂಬ ಒಂದು ವಿಧಾನವಿದೆ. ಒಮ್ಮೆ ಕೇಳಿದಾಗ ‘ಆಗಲಿಲ್ಲ’ ಎಂಬ ಉತ್ತರ ಬಂದರೆ ದತ್ತಕೋಶವು ಮತ್ತೊಮ್ಮೆ ಕೇಳುತ್ತಿತ್ತು; ಎರಡನೆಯ ಸಲ ‘ಆಯಿತು’ ಎಂಬ ಉತ್ತರ ಬಂದರೆ ಅದನ್ನು ನಂಬಿ ಮುಂದುವರಿಯುತ್ತಿತ್ತು. ಆದರೆ ಮೊದಲ ಸಲ ಸೋತಾಗಲೇ ಲಿನಕ್ಸು ಆ ಬರವಣಿಗೆಯನ್ನು ಬರೆಯಬೇಕಾದುದರ ಪಟ್ಟಿಯಿಂದ ತೆಗೆದುಬಿಟ್ಟಿರುತ್ತಿತ್ತು. ಎರಡನೆಯ ‘ಆಯಿತು’ ಎಂಬುದಕ್ಕೆ ಬರೆಯಲು ಬಾಕಿಯೇನೂ ಇಲ್ಲ ಎಂದಷ್ಟೇ ಅರ್ಥ. ಹೀಗೆ ಬರವಣಿಗೆ ಸದ್ದಿಲ್ಲದೆ ಕಳೆದುಹೋಗುವ ಸಂಭವವಿತ್ತು. ೨೦೧೯ರ ಆರಂಭದಲ್ಲಿ ಬಂದ ತಿದ್ದುಪಡಿಯಿಂದ, ಮೊದಲ ‘ಆಗಲಿಲ್ಲ’ 
ಕೇಳಿದೊಡನೆ ದತ್ತಕೋಶವು ಕೆಲಸವನ್ನು ನಿಲ್ಲಿಸಿ, ತನ್ನ ದಿನವಹಿಯನ್ನು ಮತ್ತೆ ಓದಿಕೊಳ್ಳುವಂತಾಯಿತು. ಲೋಕವೆಲ್ಲ ನಂಬಿ ಬಳಸುತ್ತಿದ್ದ ಒಂದು ತಂತ್ರಾಂಶದಲ್ಲಿ ಇಂಥ ಸೂಕ್ಷ್ಮವು ಬಹುಕಾಲ ಅಡಗಿ ಕುಳಿತಿತ್ತೆಂದ ಮೇಲೆ, ತೆರೆಯ ಮೇಲೆ ‘ಉಳಿಸಲಾಗಿದೆ’ ಎಂದು ಮೂಡಿದ ಒಂದೇ ಮಾತನ್ನು ನಂಬಿ ನಾವು ನಿದ್ರಿಸುವುದು ಸಲ್ಲದು.

ಇನ್ನು ಮುಂದಿನ ಎಚ್ಚರಿಕೆಯ ಮಾತು. ಪ್ರತಿಗಳು ಮೂರು ಇರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದಾದರೂ ಬೇರೆ ಊರಿನಲ್ಲಿರಬೇಕು. ಇದು ಬಲ್ಲವರು ಹೇಳುವ ‘ಮೂರು-ಎರಡು-ಒಂದು’ ಎಂಬ ಸೂತ್ರ. ಎರಡು ಡಿಸ್ಕುಗಳಿಗೆ ಏಕಕಾಲದಲ್ಲಿ ಬರೆಯುವ ಏರ್ಪಾಡನ್ನು ಕೆಲವರು ಪ್ರತಿಯೆಂದು ಭ್ರಮಿಸುತ್ತಾರೆ. ಅದು ಒಂದು ಡಿಸ್ಕು ಸತ್ತಾಗ ಕಾಯುತ್ತದೆ, ನಿಜ. ಆದರೆ ಕೈತಪ್ಪಿನಿಂದ ಇಲ್ಲಿ ಅಳಿಸಿದ ಪದ ಅಲ್ಲಿಯೂ ಆ ಕ್ಷಣದಲ್ಲಿಯೇ ಅಳಿಯುತ್ತದೆ. ಎರಡನೆಯದಾಗಿ, ತೆಗೆದಿಟ್ಟ ಪ್ರತಿಯನ್ನು ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ತೆರೆದು ತುಂಬಿ ನೋಡಬೇಕು. ತೆರೆದು ನೋಡದ ಪ್ರತಿಯು ಇದ್ದೂ ಇಲ್ಲದ ಹಾಗೆ. ಮೂರನೆಯದಾಗಿ, ವಿದ್ಯುತ್ತು ಹೋದಾಗ ಯಂತ್ರವು ಕ್ರಮವಾಗಿ ಕಣ್ಣುಮುಚ್ಚುವುದಕ್ಕೆ ಬೇಕಾದಷ್ಟು ಹೊತ್ತು ಒದಗುವ ಯುಪಿಎಸ್ ಬ್ಯಾಟರಿ ಇರಲೇಬೇಕು. ಗುಡುಗಿನ ಕಾಲದಲ್ಲಿ ಇದನ್ನು ಆಡಂಬರವೆನ್ನುವಂತಿಲ್ಲ. ನಾಲ್ಕನೆಯದಾಗಿ, ಯಂತ್ರದ ಗುಟ್ಟಿನ ಪದಗಳೂ ಈ ದಿನ ನಾನು ಹೇಳಿದ ಕ್ರಮವೂ ಒಬ್ಬನ ತಲೆಯಲ್ಲಿ ಮಾತ್ರ ಇರದೆ, ಲಕೋಟೆಯಲ್ಲಿ ಮುದ್ರೆಯೊತ್ತಿ ಅಧ್ಯಕ್ಷರ ವಶದಲ್ಲಿ ಇರಬೇಕು. ನಮ್ಮ ಹುಡುಗನು ಆ ದಿನ ದೂರವಾಣಿಗೆ ಸಿಕ್ಕಿದ್ದು ನಮ್ಮ ಪುಣ್ಯ. ಸಂಘದ ಸಂಪತ್ತು ಪುಣ್ಯದ ಮೇಲೆ ನಿಲ್ಲಬಾರದು.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿಜ್ಞಾಪನೆ. ಪದಸಂಗ್ರಹಕ್ಕೆ ಹೊರಟ ನಮ್ಮ ಮಕ್ಕಳು ಮನೆಗೆ ಬಂದಾಗ, ಅವರು ಮೊಬೈಲಿನಲ್ಲಿ ಒತ್ತಿಕೊಂಡರೂ ಸರಿಯೆ, ಒಂದು ಚೀಟಿಯಲ್ಲಿಯೂ ಬರೆಯಿಸಿ ಕಳುಹಿಸಿರಿ. ಹಾಗೂ ಈ ತನಕ ಕೂಡಿದ ಪದಗಳನ್ನು ಒಂದು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಗಡಿಯ ಈಚೆ ಆಚೆಯ ಗ್ರಂಥಾಲಯಗಳಿಗೆ ಕೊಡಬೇಕೆಂದು ಸಮಿತಿಯವರಲ್ಲಿ ಬೇಡುತ್ತೇನೆ. ನಮ್ಮ ಹಳೆಯ ಕಾವ್ಯಗಳು ಇಂದಿಗೆ ಉಳಿದು ಬಂದದ್ದು ಹಲವು ಊರುಗಳಲ್ಲಿ ಹಲವು ಕೈಗಳು ಪ್ರತಿ ಮಾಡಿ ಇರಿಸಿಕೊಂಡುದರಿಂದ. ಅದೇ ರೀತಿ ಈ ಸಂಗ್ರಹದ ಒಂದು ಪ್ರತಿಯನ್ನು ಇರಿಸಿಕೊಳ್ಳಲು ಮುಂದೆ ಬರುವ ಮೂರು ಮನೆಗಳ ಹೆಸರು ಈ ದಿನ ಸಂಜೆಯೊಳಗೆ ಕಾರ್ಯದರ್ಶಿಗಳ ಪುಸ್ತಕದಲ್ಲಿ ಬರೆಯಲ್ಪಟ್ಟರೆ ಈ ಭಾಷಣ ಸಾರ್ಥಕವಾಯಿತೆಂದು ಭಾವಿಸುತ್ತೇನೆ.